ಕೊನೆಯಲ್ಲಿ ನಡೆಯುವವರ ದಮ್ಮು: ಸ್ಕೌಟ್–ಗೈಡ್ ನಾಯಕರ ತೂಕ ಮತ್ತು ತಯಾರಿ

ಮಂಗಳೂರು, ಉಡುಪಿ ಕಡೆ ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್, ಕಬ್ ಮಾಸ್ಟರ್, ಫ್ಲಾಕ್ ಲೀಡರ್ ಆಗಿರುವವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರು. ವಾರಪೂರ್ತಿ ತರಗತಿ, ಉತ್ತರಪತ್ರಿಕೆ, ಸಭೆ. ಮನೆಯಿಂದ ಶಾಲೆಗೆ ಸ್ಕೂಟರ್. ಮಳೆ ನಿಂತು ಶಿಬಿರದ ಕಾಲ ಬಂತೆಂದರೆ ಇದೇ ಮಾಸ್ಟ್ರು, ಇದೇ ಟೀಚರ್ ಮೂವತ್ತು ಮಕ್ಕಳನ್ನು ಕಟ್ಟಿಕೊಂಡು ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಬೇಕು, ಮಲ್ಪೆ ಕಡಲತೀರದಲ್ಲಿ ಮಕ್ಕಳ ಹಿಂದೆ ಓಡಬೇಕು, ರಾತ್ರಿ ಡೇರೆ ಕಾಯಬೇಕು.

ಆಗ ಹೆಚ್ಚಿನವರು ತಮ್ಮನ್ನು ತಾವೇ ಕೇಳಿಕೊಳ್ಳುವುದು ‘ನನ್ನಿಂದ ಹತ್ತಲಿಕ್ಕೆ ಆಗುತ್ತದಾ?’ ಎಂದು. ಮಕ್ಕಳಿಗಾದರೆ ಆ ಪ್ರಶ್ನೆ ಸಾಕು. ನಾಯಕರು ಕೇಳಬೇಕಾದದ್ದು ಬೇರೆ: ಹತ್ತಿ ಮುಗಿದಾಗ ನನ್ನಲ್ಲಿ ಇನ್ನೆಷ್ಟು ದಮ್ಮು ಉಳಿದಿರುತ್ತದೆ? ಏಕೆಂದರೆ ಅನಾಹುತ ಆಗುವುದು ಸಾಮಾನ್ಯವಾಗಿ ಎಲ್ಲರೂ ದಣಿದ ಮೇಲೆ, ಇಳಿಯುವಾಗ.

ಎಷ್ಟು ಉಳಿದಿರಬೇಕು ಎಂಬುದಕ್ಕೆ ಲೆಕ್ಕವಿದೆ. ಎಂಟನೇ ತರಗತಿಯ ಹುಡುಗನ ತೂಕ 40 ಕೆಜಿ ಎಂದಿಟ್ಟುಕೊಳ್ಳಿ. ಪಾದ ಉಳುಕಿದರೆ ಎರಡು ಲಾಠಿಗೆ ಎರಡು ಅಂಗಿ ತೂರಿಸಿ ಮಾಡಿದ ಸ್ಟ್ರೆಚರಿನಲ್ಲಿ ನಾಲ್ಕು ಜನ ಹೊತ್ತರೂ ಒಬ್ಬೊಬ್ಬರ ಕೈಗೆ 10 ಕೆಜಿ, ಅದೂ ಒಂದೇ ಬದಿಗೆ, ಏರುತಗ್ಗಿನಲ್ಲಿ. ಹೃದಯ ನಿಂತವರಿಗೆ ಸಿಪಿಆರ್ (ಎದೆ ಒತ್ತುವ ತುರ್ತು ಚಿಕಿತ್ಸೆ) ಕೊಡಬೇಕಾಗಿ ಬಂದರೆ ದೊಡ್ಡವರ ಎದೆಯನ್ನು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಗಟ್ಟಿಮುಟ್ಟಾದವರೂ ಎರಡು ನಿಮಿಷಕ್ಕೆ ಸೋಲುತ್ತಾರೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಿಸಿ ಎನ್ನುವುದು. ಮೊದಲೇ ಏದುಸಿರು ಬಿಡುತ್ತಿರುವವರು ಅರ್ಧ ನಿಮಿಷದಲ್ಲೇ ಮೇಲೆ ಮೇಲೆ ಒತ್ತತೊಡಗುತ್ತಾರೆ, ತಮಗೆ ಅದು ಗೊತ್ತೂ ಆಗುವುದಿಲ್ಲ.

ಇಲ್ಲಿಯೇ ನಮ್ಮ ಅನೇಕ ದಳಗಳು ಮಾಡುವ ಒಂದು ತಪ್ಪನ್ನು ಹೇಳಿಬಿಡಬೇಕು. ನಿಧಾನಕ್ಕೆ ನಡೆಯುವ, ಸ್ವಲ್ಪ ಭಾರದ ನಾಯಕರನ್ನು ‘ನೀವು ಹಿಂದಿನಿಂದ ಆರಾಮಲ್ಲಿ ಬನ್ನಿ’ ಎಂದು ಸಾಲಿನ ಕೊನೆಗೆ ಹಾಕುತ್ತಾರೆ. ಮರ್ಯಾದೆಗೆ ಮಾಡುವ ಏರ್ಪಾಡು, ಆದರೆ ತಲೆಕೆಳಗು. ಕೊನೆಯಲ್ಲಿ ನಡೆಯುವವರೇ ಹಿಂದೆ ಬಿದ್ದ ಮಗುವಿನ ಜೊತೆ ನಿಲ್ಲುವವರು, ಮರೆತು ಬಿಟ್ಟ ಚೀಲಕ್ಕಾಗಿ ವಾಪಸ್ ಇಳಿಯುವವರು, ಬಿದ್ದವರನ್ನು ಎತ್ತುವವರು, ಆಮೇಲೆ ಬೇಗ ನಡೆದು ತಂಡವನ್ನು ಕೂಡಿಕೊಳ್ಳುವವರು. ತಂಡದ ಅತ್ಯಂತ ಗಟ್ಟಿ ವ್ಯಕ್ತಿ ಅಲ್ಲಿರಬೇಕು. ನಿಧಾನದವರು ಎರಡನೆಯ ಅಥವಾ ಮೂರನೆಯ ಸ್ಥಾನದಲ್ಲಿದ್ದರೆ ಇಡೀ ಸಾಲು ಅವರ ನಡಿಗೆಗೆ ಹೊಂದಿಕೊಳ್ಳುತ್ತದೆ. ಚಿಕ್ಕ ಮಕ್ಕಳಿಗೂ ಅದೇ ಒಳ್ಳೆಯದು. ಹಿಂದೆ ಹಾಕಿದರೆ ಆಗುವುದು ಇಷ್ಟು: ಮುಂದಿನವರು ಕೂತು ವಿಶ್ರಾಂತಿ ಮುಗಿಸಿ ಏಳುವ ಹೊತ್ತಿಗೆ ಇವರು ಬಂದು ತಲುಪುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ತೂಕ: ಯಾರ ಕೋಷ್ಟಕ?

ಯುವ ಸಂಘಟನೆಗಳ ವಯಸ್ಕ ನಾಯಕರಿಗೆ ತೂಕದ ಮಿತಿ ಹಾಕಿರುವುದರಲ್ಲಿ ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯದು ಹೆಚ್ಚು ಚರ್ಚೆಯಾದದ್ದು. 2025ರಿಂದ ಅದರ ಹೆಸರು ಸ್ಕೌಟಿಂಗ್ ಅಮೆರಿಕ. ಆಂಬ್ಯುಲೆನ್ಸ್ ಬರಬಲ್ಲ ರಸ್ತೆಯಿಂದ 30 ನಿಮಿಷಕ್ಕಿಂತ ದೂರ ಹೋಗುವ ಸಾಹಸ ಕಾರ್ಯಕ್ರಮವಾದರೆ ಎತ್ತರಕ್ಕೆ ತಕ್ಕ ಗರಿಷ್ಠ ತೂಕದ ಕೋಷ್ಟಕ ಅನ್ವಯಿಸುತ್ತದೆ. ಮೀರಿದವರಿಗೆ ಪ್ರವೇಶವಿಲ್ಲ. 5 ಅಡಿ 7 ಇಂಚಿನವರಿಗೆ ಮಿತಿ 207 ಪೌಂಡ್, ಅಂದರೆ ಸುಮಾರು 94 ಕೆಜಿ. ನ್ಯೂ ಮೆಕ್ಸಿಕೊದ ಫಿಲ್ಮಾಂಟ್ ಶಿಬಿರದಲ್ಲಿ ಎತ್ತರ ಎಷ್ಟೇ ಇರಲಿ, 295 ಪೌಂಡ್ ದಾಟುವಂತಿಲ್ಲ.

ಈ ನಿಯಮದ ತರ್ಕ ಚೆನ್ನಾಗಿದೆ: ರಸ್ತೆಯಿಂದ ಎಷ್ಟು ದೂರ ಎಂಬುದೇ ಅಳತೆಗೋಲು. ಅಂಗಳದ ಶಿಬಿರಕ್ಕೆ ತೂಕ ಯಾರೂ ಕೇಳುವುದಿಲ್ಲ. ಆ ತರ್ಕವನ್ನು ನಾವು ತೆಗೆದುಕೊಳ್ಳಬಹುದು, ಅಂಕಿಗಳನ್ನು ಬೇಡ. 170 ಸೆಂ.ಮೀ. ಎತ್ತರಕ್ಕೆ 94 ಕೆಜಿ ಎಂದರೆ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) 32 ದಾಟುತ್ತದೆ. ಭಾರತೀಯರ ಮೈಯಲ್ಲಿ ಅದೇ ಬಿಎಂಐಗೆ ಕೊಬ್ಬಿನ ಪಾಲು ಹೆಚ್ಚು, ಅದೂ ಹೊಟ್ಟೆಯ ಒಳಗೆ, ಅಂಗಾಂಗಗಳ ಸುತ್ತ. ಹಾಗಾಗಿ ನಮ್ಮ ವೈದ್ಯರು 23ಕ್ಕೆ ಅಧಿಕ ತೂಕ, 25ಕ್ಕೆ ಬೊಜ್ಜು ಎನ್ನುತ್ತಾರೆ. 170 ಸೆಂ.ಮೀ. ಎತ್ತರದವರಿಗೆ ಈ ಗೆರೆಗಳು ಸುಮಾರು 66 ಮತ್ತು 72 ಕೆಜಿ. 158 ಸೆಂ.ಮೀ. ಇರುವವರಿಗೆ 57 ಮತ್ತು 62 ಕೆಜಿ.

ಇದನ್ನು ಓದಿ ಗಾಬರಿ ಬೀಳಬೇಕಾಗಿಲ್ಲ. ಬಿಎಂಐ 27 ಇದ್ದು ದಿನಾ ಗುಡ್ಡೆ ಹತ್ತುವವರು, 22 ಇದ್ದು ಎರಡು ಮಾಳಿಗೆಗೆ ಸುಸ್ತಾಗುವವರಿಗಿಂತ ಚಾರಣಕ್ಕೆ ಎಷ್ಟೋ ಮೇಲು. ನಾಯಕರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಸೊಂಟದ ಸುತ್ತಳತೆ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವೆ ಟೇಪು ಸುತ್ತಿ, ಉಸಿರು ಸಹಜವಾಗಿ ಹೊರಬಿಟ್ಟಾಗ ಅಳೆಯಬೇಕು. ಪ್ಯಾಂಟಿನ ಸೈಜು ನಂಬಬೇಡಿ. ಸಮವಸ್ತ್ರದ ಬೆಲ್ಟನ್ನಂತೂ ನಂಬಲೇಬೇಡಿ. ಹೊಟ್ಟೆ ಬಂದ ಹಾಗೆ ಬೆಲ್ಟು ಮೆಲ್ಲಗೆ ಕೆಳಗೆ ಜಾರಿ ಹೊಟ್ಟೆಯ ಅಡಿಗೆ ಕೂರುತ್ತದೆ. ಹತ್ತು ವರ್ಷದ ಹಿಂದಿನ ತೂತೇ ಈಗಲೂ ಸರಿಹೊಂದುತ್ತಿದೆ ಎಂದರೆ ಹೆಚ್ಚಾಗಿ ಕಾರಣ ಇದೇ.

ಸೆಖೆಯ ಲೆಕ್ಕ

ಕರಾವಳಿಯಲ್ಲಿ ತೂಕದ ಮೊದಲ ದಂಡ ಬೀಳುವುದು ಮೊಣಕಾಲಿಗಲ್ಲ, ಸೆಖೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಶಾಲಾ ಮಕ್ಕಳನ್ನು ಕುಮಾರಪರ್ವತಕ್ಕೆ ಕರೆದೊಯ್ಯುವುದು ಅಪರೂಪ. ಕಾಲೇಜು ವಯಸ್ಸಿನ ಸ್ಕೌಟ್–ಗೈಡ್‌ಗಳಾದ ರೋವರ್–ರೇಂಜರ್‌ಗಳು ಹೋಗುತ್ತಾರೆ. ಲೆಕ್ಕಕ್ಕೆ ಅದು ಒಳ್ಳೆಯ ಉದಾಹರಣೆ. ಶಿಖರ 1,712 ಮೀಟರ್. ಕುಕ್ಕೆಯಿಂದ ಹೊರಟರೆ ಸುಮಾರು 1,600 ಮೀಟರ್ ಏರು. 80 ಕೆಜಿ ಮೈತೂಕ, 8 ಕೆಜಿ ಚೀಲ. ಇಷ್ಟನ್ನು ಮೇಲಕ್ಕೆತ್ತಲು ಬೇಕಾದ ಶುದ್ಧ ಕೆಲಸ ಸುಮಾರು 330 ಕ್ಯಾಲರಿ. ಆದರೆ ನಮ್ಮ ಸ್ನಾಯುಗಳು ಉರಿಸಿದ್ದರಲ್ಲಿ ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಕೊಡುತ್ತವೆ. ಹಾಗಾಗಿ ಉರಿಯುವುದು 1,300 ಕ್ಯಾಲರಿ, ಅದರಲ್ಲಿ ಸುಮಾರು 1,000 ಮೈಯೊಳಗೆ ಬರೀ ಶಾಖ. ಸಮತಟ್ಟಿನ ನಡಿಗೆಯದ್ದು ಇದರ ಮೇಲೆ.

ಈ ಶಾಖ ಹೊರಹೋಗಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕ್ಯಾಲರಿ ಶಾಖ ಒಯ್ಯುತ್ತದೆ. ಅಂದರೆ 1.7 ಲೀಟರ್ ಬೆವರು ಚರ್ಮದ ಮೇಲಿಂದ ಆರಬೇಕು. ಗಮನಿಸಿ, ಆರಬೇಕು. ನಮ್ಮ ಕಡೆಯ ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದರೆ ಬೆವರು ಆರುವ ಬದಲು ಹನಿಹನಿಯಾಗಿ ಇಳಿಯುತ್ತದೆ. ಗಲ್ಲದಿಂದ ತೊಟ್ಟಿಕ್ಕಿದ ಬೆವರು ಮೈಯ ನೀರು, ಉಪ್ಪು ಖಾಲಿ ಮಾಡುತ್ತದೆ, ಮೈ ತಂಪು ಮಾಡುವುದಿಲ್ಲ. ಬಯಲುಸೀಮೆಯವರು 38 ಡಿಗ್ರಿಯಲ್ಲಿ ನಡೆದಂತೆ ನಾವು 33 ಡಿಗ್ರಿಯಲ್ಲೂ ನಡೆಯಲಾರದೆ ಹೋಗುವುದು ಇದರಿಂದ.

ಇದಕ್ಕೆ 10 ಕೆಜಿ ಹೆಚ್ಚುವರಿ ಮೈತೂಕ ಸೇರಿಸಿ. ಅದೇ ಏರಿಗೆ ಇನ್ನೂ 150 ಕ್ಯಾಲರಿ. ಸಂಖ್ಯೆ ದೊಡ್ಡದಲ್ಲ, ಆದರೆ ಜೊತೆಗೆ ಇನ್ನೆರಡು ತೊಂದರೆ ಬರುತ್ತವೆ. ಮೈ ದೊಡ್ಡದಾದ ಹಾಗೆ ಪ್ರತಿ ಕೆಜಿಗೆ ಸಿಗುವ ಚರ್ಮದ ವಿಸ್ತೀರ್ಣ ಕಡಿಮೆಯಾಗುತ್ತದೆ, ಚರ್ಮದಡಿಯ ಕೊಬ್ಬು ಕಂಬಳಿಯಂತೆ ಒಳಗಿನ ಬಿಸಿಯನ್ನು ತಡೆಹಿಡಿಯುತ್ತದೆ. ಹಾಗಾಗಿ ಭಾರದ ನಾಯಕರಿಗೆ ಇಲ್ಲಿ ಮೊದಲ ಔಷಧ ನಡಿಗೆಯ ವೇಗ ಇಳಿಸುವುದು, ಎರಡನೆಯದು ಹೊತ್ತು. ಆರೂವರೆಗೆ ಹೊರಟು ಹತ್ತರೊಳಗೆ ಏರು ಮುಗಿಸಿದರೆ ಅರ್ಧ ಸಮಸ್ಯೆ ಇಲ್ಲ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಸ್ವಲ್ಪ ಸ್ವಲ್ಪವಾಗಿ. ಬರೀ ನೀರನ್ನೇ ಗಂಟೆಗೆ ಒಂದು ಲೀಟರಿಗಿಂತ ಹೆಚ್ಚು ಗಟಗಟ ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಬಾಯಾರಿಕೆ ಎಂದು ಮತ್ತೆ ನೀರು ಕೊಟ್ಟರೆ ಇನ್ನೂ ಕೆಡುತ್ತದೆ. ಉಪ್ಪು ಹಾಕಿದ ಗಂಜಿ ತಿಳಿ, ಉಪ್ಪು ಬೆರೆಸಿದ ಪುನರ್ಪುಳಿ ಶರಬತ್ತು, ಓಆರ್‌ಎಸ್ ಯಾವುದಾದರೂ ಆದೀತು. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಎಂದರೆ ಚಹಾ ಚಮಚ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಲ್ಲಿ ಹೋದ ಉಪ್ಪನ್ನು ಅದೊಂದೇ ತುಂಬುವುದಿಲ್ಲ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಯಾರಾದರೂ ಅಸಂಬದ್ಧ ಮಾತಾಡತೊಡಗಿದರೆ, ದಾರಿಯಲ್ಲಿ ತೂರಾಡಿದರೆ ಅದು ಬರೀ ಸುಸ್ತಲ್ಲ, ಹೀಟ್ ಸ್ಟ್ರೋಕ್ ಎಂದೇ ತಿಳಿಯಬೇಕು. ನೆರಳಿಗೆ ತಂದು ಇದ್ದಷ್ಟು ನೀರನ್ನು ಮೈಮೇಲೆ ಸುರಿದು ಗಾಳಿ ಬೀಸಿ, ಜೊತೆಜೊತೆಗೆ 108ಕ್ಕೆ ಕರೆ ಮಾಡಿಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ತಾಪತ್ರಯ ತೊಡೆ ಉಜ್ಜಿ ಚರ್ಮ ಕಿತ್ತುಬರುವುದು. ಸೆಖೆ, ಉಪ್ಪಿನ ಬೆವರು, ದಪ್ಪ ಬಟ್ಟೆಯ ಸಮವಸ್ತ್ರ ಮೂರೂ ಸೇರಿದರೆ ನಾಲ್ಕು ಕಿ.ಮೀ.ಗೇ ಉರಿ ಶುರು. ನಡಿಗೆ ಕಾಲಗಲಿಸಿ ಆಗುತ್ತದೆ, ಆಮೇಲೆ ಸೊಂಟ ನೋಯುತ್ತದೆ. ಒಳಗೆ ಮೊಣಕಾಲಿನ ತನಕ ಬರುವ ಬಿಗಿ ಚಡ್ಡಿ, ಹೊರಡುವ ಮುಂಚೆ ವ್ಯಾಸಲಿನ್. ಇಷ್ಟೇ.

ಇಳಿಯುವಾಗಿನ ಮೊಣಕಾಲು

ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ಸಮತಟ್ಟು ನೆಲದ ಲೆಕ್ಕವಿದು. ಗಡಾಯಿಕಲ್ಲಿನ 1,800ಕ್ಕೂ ಮಿಕ್ಕಿದ ಮೆಟ್ಟಿಲು ಇಳಿಯುವಾಗ ಹೊರೆ ಇನ್ನೂ ಹೆಚ್ಚು. ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು. ಇದಕ್ಕೆ ತಯಾರಿಲ್ಲದ ಸ್ನಾಯು ಅರ್ಧ ದಾರಿಯಲ್ಲಿ ನಡುಗತೊಡಗುತ್ತದೆ. ನಡುಕ ಬಂದ ಮೇಲೆ ಜಾರುವುದು ಬರೀ ಹೊತ್ತಿನ ಪ್ರಶ್ನೆ. ದಿನಾ ಸಮತಟ್ಟಿನಲ್ಲಿ ಐದು ಕಿ.ಮೀ. ವಾಕಿಂಗ್ ಮಾಡುವವರೂ ಇಲ್ಲಿ ಸೋಲುವುದು ಯಾಕೆಂದರೆ ವಾಕಿಂಗ್ ಈ ಸ್ನಾಯುವಿಗೆ ಈ ಕೆಲಸ ಕಲಿಸಿರುವುದಿಲ್ಲ. ಇಳಿಯುವುದನ್ನೇ ಅಭ್ಯಾಸ ಮಾಡಬೇಕು.

ಮೊದಲು ವೈದ್ಯರು

ನಲವತ್ತು ದಾಟಿದವರು, ಬಿಪಿ, ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಅಂಥವರು ತಯಾರಿಗೆ ಇಳಿಯುವ ಮುನ್ನವೇ ಪರೀಕ್ಷೆ ಮಾಡಿಸಿಕೊಳ್ಳಬೇಕು, ಶಿಬಿರದ ಹಿಂದಿನ ದಿನ ಅಲ್ಲ. ಕೂತಿರುವಾಗಲೇ ಬಿಪಿ 180/110 ಇದ್ದರೆ ವ್ಯಾಯಾಮ ಶುರು ಮಾಡುವ ಹಾಗೇ ಇಲ್ಲ. ನಡೆಯುವಾಗ ಎದೆ, ಗಂಟಲು, ದವಡೆ ಅಥವಾ ಎಡತೋಳು ಹಿಡಿದಂತಾಗಿ ನಿಂತಾಗ ಸರಿಹೋದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿಯಬೇಡಿ.

ಮಾತ್ರೆಗಳ ಸಂಗತಿ ಗೊತ್ತಿರಲಿ. ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರ ನಾಡಿ ಎಷ್ಟು ದಣಿದರೂ ಅಷ್ಟು ಏರುವುದಿಲ್ಲ. ವಾಚಿನಲ್ಲಿ 110 ತೋರಿಸುತ್ತಿದೆ, ಇನ್ನೂ ಓಡಬಹುದು ಎಂದುಕೊಳ್ಳಬಾರದು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯವರಿಗೆ ನೀರು ಬೇಗ ಖಾಲಿ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇರುವವರಿಗೆ ಚಾರಣದ ಮಧ್ಯೆ ಸಕ್ಕರೆ ದಢಕ್ಕನೆ ಇಳಿಯಬಹುದು. ಡೋಸಿನ ಬದಲಾವಣೆ ವೈದ್ಯರದ್ದು. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇಡುವುದು ನಿಮ್ಮದು. ನಡುಕ, ತಣ್ಣನೆ ಬೆವರು ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು ಹದಿನೈದು ನಿಮಿಷ ಕೂರಬೇಕು. ಈ ವಿಷಯ ಜೊತೆಗಿರುವ ಇನ್ನೊಬ್ಬ ನಾಯಕರಿಗೂ ಗೊತ್ತಿರಲೇಬೇಕು.

ಹನ್ನೆರಡು ವಾರ

ಡಿಸೆಂಬರಿನ ಚಾರಣಕ್ಕೆ ಸೆಪ್ಟೆಂಬರಿನಲ್ಲಿ ಶುರು ಮಾಡಿದರೆ ಸರಿ. ಮಳೆ ಇನ್ನೂ ಬಿಟ್ಟಿರುವುದಿಲ್ಲ ಎನ್ನುವುದು ನೆಪ. ಶಾಲೆಯ ಜಗಲಿ ಮತ್ತು ಮೆಟ್ಟಿಲು ಇರುವುದೇ ಅದಕ್ಕೆ.

ಮೊದಲು ಈಗಿನ ಸ್ಥಿತಿ ಅಳೆಯಿರಿ. 30 ಸೆಂ.ಮೀ. ಎತ್ತರದ ಗಟ್ಟಿ ಮೆಟ್ಟಿಲು ಅಥವಾ ಬೆಂಚು. ಮೊಬೈಲಿನ ಮೆಟ್ರೊನೋಮ್ (ತಾಳ ಹಾಕುವ ಆಪ್) ನಿಮಿಷಕ್ಕೆ 96 ಸದ್ದಿಗೆ ಇಟ್ಟು, ಒಂದೊಂದು ಸದ್ದಿಗೆ ಒಂದೊಂದು ಹೆಜ್ಜೆಯಂತೆ ಎಡ ಮೇಲೆ, ಬಲ ಮೇಲೆ, ಎಡ ಕೆಳಗೆ, ಬಲ ಕೆಳಗೆ, ಮೂರು ನಿಮಿಷ. ಕೂಡಲೇ ಕೂತು ಐದು ಸೆಕೆಂಡಿನೊಳಗೆ ಶುರುಮಾಡಿ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ನಡುವಯಸ್ಸಿನವರಿಗೆ 120 ದಾಟಿದರೆ ತಯಾರಿ ಬಹಳ ಬಾಕಿ ಇದೆ. ಮೂರು ವಾರಕ್ಕೊಮ್ಮೆ ಹೀಗೆ ನೋಡುತ್ತಿರಿ. ತೂಕದ ಯಂತ್ರ ಕದಲದಿದ್ದರೂ ಈ ಸಂಖ್ಯೆ ಇಳಿಯುತ್ತದೆ.

ಮೊದಲ ಮೂರು ವಾರ ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ ನಡಿಗೆ. ಮಾತಾಡಲಿಕ್ಕೆ ಆಗಬೇಕು, ಹಾಡಲಿಕ್ಕೆ ಆಗಬಾರದು, ಅಷ್ಟು ವೇಗ. ಮಂಗಳಾ ಸ್ಟೇಡಿಯಂ, ಅಜ್ಜರಕಾಡು ಟ್ರ್ಯಾಕ್ ಹತ್ತಿರವಿದ್ದರೆ 400 ಮೀಟರಿನ ಸುತ್ತಿನಿಂದ ಲೆಕ್ಕ ಸುಲಭ. ಓಟ ಬೇಡ. 85 ಕೆಜಿಯವರು ಉತ್ಸಾಹಕ್ಕೆ ಮೊದಲ ದಿನವೇ ಓಡಿದರೆ ಎರಡನೇ ವಾರಕ್ಕೆ ಮುಂಗಾಲಿನ ಮೂಳೆ ನೋವು ಅಥವಾ ಹಿಮ್ಮಡಿ ನೋವು ಬಂದು ಎಲ್ಲವೂ ನಿಲ್ಲುತ್ತದೆ. ಪಣಂಬೂರು, ಕಾಪು ಕಡಲತೀರದ ಮರಳಲ್ಲಿ ಬರಿಗಾಲ ಓಟವಂತೂ ಇನ್ನೂ ಕಷ್ಟ. ತೀರ ಸಮುದ್ರದ ಕಡೆಗೆ ಇಳಿಜಾರಾಗಿರುವುದರಿಂದ ಒಂದೇ ಕಾಲಿಗೆ ಪೆಟ್ಟು ಬೀಳುತ್ತದೆ.

ನಾಲ್ಕನೇ ವಾರದಿಂದ ವಾರಕ್ಕೆ ಎರಡು ದಿನ ಮೆಟ್ಟಿಲು. ನೆಲದಿಂದ ಎರಡನೇ ಮಾಳಿಗೆಗೆ ಹೋಗಿ ಬಂದರೆ ಒಂದು ಸುತ್ತು, ಸುಮಾರು ಆರೂವರೆ ಮೀಟರ್ ಏರು. 15 ಸುತ್ತಿಗೆ 100 ಮೀಟರ್. ಐದು ಸುತ್ತಿನಿಂದ ಶುರು ಮಾಡಿ, ಏಳನೇ ವಾರಕ್ಕೆ 15 ಸುತ್ತನ್ನು 20 ನಿಮಿಷದಲ್ಲಿ, ನಡುವೆ ಮಾತಾಡುತ್ತಲೇ ಮುಗಿಸುವಂತಿರಬೇಕು. ಇಳಿಯುವಾಗ ಧಡಧಡ ಬೀಳಬಾರದು. ಪ್ರತಿ ಪಾದವನ್ನು ಸದ್ದಿಲ್ಲದೆ ಇಡಬೇಕು, ಮೊಣಕಾಲು ಒಳಗೆ ವಾಲದೆ ಪಾದದ ಬೆರಳಿನ ದಿಕ್ಕಿಗೇ ಬಾಗಬೇಕು. ಗಡಾಯಿಕಲ್ಲಿನ ಇಳಿತಕ್ಕೆ ಇದೇ ಮದ್ದು.

ಶಕ್ತಿಯ ಅಭ್ಯಾಸ ವಾರಕ್ಕೆ ಎರಡು ದಿನ, 20 ನಿಮಿಷ ಸಾಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10ರಂತೆ ಮೂರು ಬಾರಿ. ಪುಷ್‌ಅಪ್ ಮೊದಲು ಗೋಡೆಗೆ, ಆಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ. ಎರಡು ಬಾಲ್ದಿಗೆ ತಲಾ 8 ಲೀಟರ್ ನೀರು ತುಂಬಿ 40 ಹೆಜ್ಜೆ ನಡೆಯುವುದು ನಾಲ್ಕು ಬಾರಿ. ಸ್ಟ್ರೆಚರ್ ಹೊರುವ ಹಿಡಿತ ಬರುವುದು ಇದರಿಂದ. ಮಕ್ಕಳಿಗೆ ಕಲಿಸುವ ಬಿ.ಪಿ. (ಸ್ಕೌಟ್ ಸ್ಥಾಪಕ ಬೇಡನ್ ಪೊವೆಲ್) ಆರು ವ್ಯಾಯಾಮ ಒಳ್ಳೆಯ ಬೆಳಗಿನ ಮೈಬಿಡಿಸುವಿಕೆ, ಆದರೆ ಅದರಿಂದಲೇ ಚಾರಣದ ಶಕ್ತಿ ಬರುತ್ತದೆ ಎನ್ನುವವರ ಮಾತು ನಂಬಬೇಡಿ.

ಎಂಟನೇ ವಾರದಿಂದ ಚೀಲ. ಮೂರು ಕೆಜಿ, ಐದು, ಎಂಟು. ವಾರಕ್ಕೆ ಒಂದೇ ಬದಲಾವಣೆ: ತೂಕ ಏರಿಸಿದ ವಾರ ದೂರ ಏರಿಸಬಾರದು. ಹತ್ತು, ಹನ್ನೊಂದನೇ ವಾರ ಭಾನುವಾರ ಎರಡೂವರೆ ಗಂಟೆ ಏರಿಳಿತದ ನಡಿಗೆ, ಚಾರಣದ ಅದೇ ಶೂ, ಅದೇ ಕಾಲುಚೀಲ, ಅದೇ ಚೀಲ. ಹೊಸ ಶೂ ಚಾರಣದ ದಿನ ಹಾಕುವವರಿಗೆ ಹೇಳಿ ಪ್ರಯೋಜನವಿಲ್ಲ, ಗುಳ್ಳೆಯೇ ಕಲಿಸಬೇಕು. ಕೊನೆಯ ವಾರ ಅರ್ಧಕ್ಕೆ ಇಳಿಸಿ.

ಬಟ್ಟಲು

80 ಕೆಜಿಯವರು ಐದು ಕಿ.ಮೀ. ನಡೆದರೆ ಖರ್ಚು ಸುಮಾರು 280 ಕ್ಯಾಲರಿ. ವಾಪಸ್ ಬರುವಾಗ ಹೋಟೆಲಿನಲ್ಲಿ ಎರಡು ಬನ್ಸ್, ಒಂದು ಚಹಾ ಆದರೆ ಲೆಕ್ಕ ಸರಿಸಮ ಅಥವಾ ಮೈನಸ್. ಬರೀ ನಡಿಗೆಯಿಂದ ತೂಕ ಇಳಿಯದಿರುವುದು ಇದಕ್ಕೇ. ದಿನಕ್ಕೆ 500 ಕ್ಯಾಲರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕೆಜಿ ಇಳಿದೀತು, ಹೋಗುತ್ತಾ ಹೋಗುತ್ತಾ ಇನ್ನೂ ನಿಧಾನ. ಹನ್ನೆರಡು ವಾರಕ್ಕೆ ನಾಲ್ಕೈದು ಕೆಜಿ ಇಳಿದರೆ ಅದು ದೊಡ್ಡ ಗಳಿಕೆ.

ನಮ್ಮ ಅಡುಗೆಯಲ್ಲಿ ಕತ್ತರಿ ಆಡಬೇಕಾದ ಜಾಗ ಮೂರು: ಅನ್ನದ ರಾಶಿ, ತೆಂಗಿನಕಾಯಿ, ಕರಿದದ್ದು. ತೆಂಗಿನ ತುರಿ 100 ಗ್ರಾಮಿಗೆ 350 ಕ್ಯಾಲರಿ. ಬಿಡಬೇಕಾಗಿಲ್ಲ. ಮಧ್ಯಾಹ್ನ ಕಾಯಿ ಅರೆದ ಗಸಿ ಇದ್ದರೆ ರಾತ್ರಿ ಸಾರು. ಬಂಗುಡೆಯನ್ನು ಎಣ್ಣೆಯಲ್ಲಿ ಹುರಿಯುವ ಬದಲು ಪುಳಿಮುಂಚಿ ಮಾಡಿದರೆ ಎಣ್ಣೆಯೂ ಕಡಿಮೆ, ಕಾಯಿಯೂ ಇಲ್ಲ, 100 ಗ್ರಾಮಿಗೆ ಸುಮಾರು 19 ಗ್ರಾಂ ಪ್ರೋಟೀನ್. ಸಸ್ಯಾಹಾರಿಗಳಿಗೆ ಹೆಸರುಕಾಳು, ಹುರುಳಿ, ಮೊಸರು. ಕುಚ್ಚಲಕ್ಕಿ ಗಂಜಿ ಒಳ್ಳೆಯದು, ನೀರು ಹೆಚ್ಚಿದ್ದು ಹೊಟ್ಟೆ ತುಂಬುತ್ತದೆ. ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಿಪಿಯವರಿಗೆ ಒಳ್ಳೆಯದಲ್ಲ.

ಶಿಬಿರಕ್ಕೆ ಎರಡು ವಾರ ಇರುವಾಗ ಅನ್ನ ಪೂರ್ತಿ ಬಿಟ್ಟು ಮೂರು ಕೆಜಿ ಇಳಿಸಿದೆ ಎನ್ನುವವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೊಜನ್ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಅನ್ನ ಬಿಟ್ಟಾಗ ಮೊದಲು ಹೋಗುವುದು ಅದೇ. ಕೊಬ್ಬು ಹಾಗೇ ಇದೆ, ಹತ್ತಲಿಕ್ಕೆ ಬೇಕಾದ ಇಂಧನ ಮತ್ತು ನೀರು ಖಾಲಿ. ಎರಡನೇ ಗಂಟೆಗೆ ಕಾಲು ಹಿಡಿದುಕೊಳ್ಳುತ್ತದೆ.

ಶಿಬಿರದ ಒಳಗೆ ನಾಯಕರು ಮಕ್ಕಳಿಗೆಲ್ಲ ಬಡಿಸಿ ಮೂರು ಗಂಟೆಗೆ ಉಳಿದದ್ದನ್ನು ಉಣ್ಣುತ್ತಾರೆ, ರಾತ್ರಿ ಕಾವಲಿಗೆ ಚಹಾ–ಬಿಸ್ಕತ್ತು, ನಿದ್ದೆ ನಾಲ್ಕು ಗಂಟೆ. ಹೀಗೆ ಐದು ದಿನ. ಅಡುಗೆಗೆ ಇರುವವರಲ್ಲಿ ಒಬ್ಬರು ನಾಯಕರ ಬಟ್ಟಲನ್ನು ಮಕ್ಕಳ ಮೊದಲ ಪಂಕ್ತಿಯ ಜೊತೆಗೇ ತೆಗೆದಿಡುವುದು, ಕಾವಲನ್ನು ಮೂರು ಪಾಳಿ ಮಾಡುವುದು, ಎರಡೂ ಖರ್ಚಿಲ್ಲದ ಕೆಲಸ.

ಹೆಸರಿನ ಪಟ್ಟಿಯನ್ನು ಮೂರು ವಾರ ಮುಂಚೆ ಅಂತಿಮ ಮಾಡಬೇಕು. ಮೆಟ್ಟಿಲಿನ 15 ಸುತ್ತು ಐದು ಕೆಜಿ ಚೀಲದೊಡನೆ ಆಗದವರು ಈ ಸಲ ಗುಡ್ಡೆ ಹತ್ತುವ ಪಟ್ಟಿಯಲ್ಲಿ ಬೇಡ. ತೂಕ ನೋಡುವುದು, ಈ ಪರೀಕ್ಷೆ ಮಾಡುವುದು ಮಕ್ಕಳ ಎದುರು ಬೇಡ, ಫಲಿತಾಂಶ ವಾಟ್ಸ್‌ಆಪ್ ಗುಂಪಿಗೂ ಬೇಡ. ಅಂಥವರಿಗೆ ಕೆಳಗೆ ಬೇಕಾದಷ್ಟು ಕೆಲಸವಿದೆ: ಸಾಮಾನು ಉಸ್ತುವಾರಿ, ಪ್ರಥಮ ಚಿಕಿತ್ಸೆ, ಎಲ್ಲಕ್ಕಿಂತ ಮುಖ್ಯವಾಗಿ ರಸ್ತೆ ಮುಗಿಯುವಲ್ಲಿ ವಾಹನದೊಡನೆ ನಿಲ್ಲುವುದು. ಗುಡ್ಡೆಯ ಮೇಲೆ ಸಿಗ್ನಲ್ ಸಿಗದಿದ್ದಾಗ ಯಾರು ಎಷ್ಟು ಹೊತ್ತಿಗೆ ಇಳಿಯಬೇಕಿತ್ತು ಎಂದು ಗೊತ್ತಿರುವುದು ಅವರೊಬ್ಬರಿಗೇ. ಆ ಹೊತ್ತು ದಾಟಿ ಒಂದು ಗಂಟೆ ಆದರೆ ಅರಣ್ಯ ಇಲಾಖೆಯ ಗೇಟಿಗೆ ಹೋಗಿ ತಿಳಿಸಬೇಕಾದವರೂ ಅವರೇ. ಅನುಮತಿ ಪತ್ರದ ನಕಲು, ಮಕ್ಕಳ ಹೆಸರು, ಮನೆಯವರ ಫೋನ್ ನಂಬರ್, ಯಾರಿಗೆ ಯಾವ ಮಾತ್ರೆ ಎಂಬ ಪಟ್ಟಿ ಅವರ ಕೈಯಲ್ಲಿ ಒಂದು ಪ್ರತಿ ಇರಬೇಕು, ಪ್ಲಾಸ್ಟಿಕ್ ಕವರಿನೊಳಗೆ.